ಅಪ್ಪನಿಗೆ ಕಾವಲು ಕೂತ ಮಳೆಗಾಲ

ಉಣಕಲ್ಲಿನ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಯಾರು ಬೈಸಿಕೊಳ್ಳುತ್ತಿದ್ದಾರೆ ಎಂಬುದು ಓಣಿಗೆಲ್ಲ ಕೇಳಿಸುತ್ತಿದ್ದ ದಿನಗಳವು. ಹೆಚ್ಚಾಗಿ ಕೇಳಿಸುತ್ತಿದ್ದುದು ನಮ್ಮಪ್ಪನ ದನಿಯೇ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಕೂಗು, ನನ್ನ ಭಾಗಾಕಾರ ತಪ್ಪಿದರೆ ಇನ್ನೂ ದೊಡ್ಡ ಕೂಗು, ಚಪ್ಪಲಿ ಸಿಗದಿದ್ದರಂತೂ ಕೇಳಲೇಬೇಡಿ. ನನಗಾಗ ಹತ್ತು ವರ್ಷ.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಡಾಕ್ಟರು ಅಪ್ಪನಿಗೆ ಬಿಪಿ ಏರಿದೆ ಅಂದರು. ಅಪ್ಪ ಹತ್ತು ದಿನ ಯಾವುದೋ ಧ್ಯಾನದ ಶಿಬಿರಕ್ಕೆ ಹೋದ. ತಿರುಗಿ ಬಂದವನು ಬೇರೆಯೇ ಮನುಷ್ಯ. ಬೆಳಗಾಗುತ್ತಲೇ ಪಡಸಾಲೆಯಲ್ಲಿ ಕೌದಿ ಮಡಚಿ ಹಾಸಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ.

ಬಂದ ಮೊದಲ ದಿನವೇ ಅವ್ವ ಪುಂಡಿಪಲ್ಯಕ್ಕೆ ಮರೆತು ಎರಡು ಸಲ ಉಪ್ಪು ಹಾಕಿದ್ದಳು. ನಾನೂ ಆಯಿಯೂ, ಅಂದರೆ ಅಪ್ಪನ ತಾಯಿ, ಮೊದಲ ತುತ್ತಿಗೇ ಮುಖ ಮುಖ ನೋಡಿಕೊಂಡೆವು. ಅಪ್ಪ ಮಾತಿಲ್ಲದೆ ಉಂಡು ಕೈ ತೊಳೆದ.

"ಇಂವ ನನ್ನ ಮಗಾನ ಹೌದೋ ಅಲ್ಲೋ ನೋಡ್ರೆವಾ," ಅಂದಳು ಆಯಿ.

ಅವ್ವ ನಗಲಿಲ್ಲ. "ಬೈದಿದ್ರ ಛಲೋ ಇತ್ತರಿ ಅತ್ತಿ. ಹಿಂಗ ಸುಮ್ಮನಾದ್ರ ಅಂಜಿಕಿ ಬರ್ತೈತಿ."

ನನಗೆ ಬಂದದ್ದು ಅಂಜಿಕೆಯಲ್ಲ, ತಡೆಯಲಾರದ ಕುತೂಹಲ. ಕಣ್ಣು ಮುಚ್ಚಿ ಇಷ್ಟು ಹೊತ್ತು ಏನು ನೋಡುತ್ತಾನೆ ಇವನು? ಕೇಳಿಯೇಬಿಟ್ಟೆ.

"ಉಸಿರು," ಅಂದ ಅಪ್ಪ.

"ಉಸಿರು ಕಾಣಸ್ತೈತೇನು?"

"ಬರೂದು ಗೊತ್ತಾಗ್ತೈತಿ. ಹೋಗೂದು ಗೊತ್ತಾಗ್ತೈತಿ."

"ಅಷ್ಟನಾ?"

"ಅಷ್ಟ."

ಅಷ್ಟೇ ಆಗಿದ್ದರೆ ಹತ್ತು ದಿನ ಯಾಕೆ ಬೇಕಿತ್ತು? ನಾನು ನಂಬಲಿಲ್ಲ, ಪರೀಕ್ಷೆ ಮಾಡಿದೆ. ಬಿಸಿಬಿಸಿ ಹುರಿದ ಶೇಂಗಾ ಮುಷ್ಟಿಯಲ್ಲಿ ತಂದು ಮೂಗಿನ ಹತ್ತಿರ ಹಿಡಿದೆ. ಹೊಳ್ಳೆ ಅರಳಿತು, ಕಣ್ಣು ಬಿಚ್ಚಲಿಲ್ಲ. ಮರುದಿನ ಕಿವಿಯ ಹತ್ತಿರ "ಅಪ್ಪಾ, ಹಾವು!" ಅಂದೆ. ತುಟಿಯ ಮೂಲೆ ಅಷ್ಟೇ ಅಲುಗಿತು. ಕೊನೆಗೆ ನಾನೇ ಕಣ್ಣು ಮುಚ್ಚಿ ಕೂತೆ. ಎರಡು ಉಸಿರು ಆಗುವುದರೊಳಗೆ ಮನಸ್ಸು ಅಂಗಳಕ್ಕೆ ಓಡಿಹೋಗಿ ಕುಂಟಾಬಿಲ್ಲೆ ಆಡುತ್ತಿತ್ತು.

ಮಳೆಗಾಲದ ಮೂರು ತಿಂಗಳು ಓಣಿಯ ನಮ್ಮಂಥ ಬೌದ್ಧರ ಮನೆಗಳಲ್ಲಿ ಸರದಿಯ ಮೇಲೆ ಪ್ರತಿ ರವಿವಾರ ಬುದ್ಧನ ಜೀವನ ಓದುವ ರೂಢಿ. ಓದು ಮುಗಿದ ಮೇಲೆ ಚುರುಮುರಿ, ಚಹಾ. ನಾವು ಮಕ್ಕಳು ಹೋಗುತ್ತಿದ್ದುದೇ ಅದಕ್ಕೆ. ಒಂದು ರವಿವಾರ ಸಿದ್ಧಾರ್ಥ ಮನೆ ಬಿಡುವ ಭಾಗ ಬಂತು. ನಮ್ಮಲ್ಲಿ ಓದುವ ಕಥೆಯಲ್ಲಿ ಅವನು ಕದ್ದು ಹೋಗುವುದಿಲ್ಲ. ತಂದೆತಾಯಿಗೆ, ಹೆಂಡತಿಗೆ ಹೇಳಿ, ಅವರು ಒಪ್ಪಿದ ಮೇಲೆಯೇ ಹೊರಡುತ್ತಾನೆ.

ಆ ದಿನ ನಾನು ಚುರುಮುರಿ ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕೂರುವುದು, ಉಪ್ಪಿಗೂ ಸಿಟ್ಟಾಗದಿರುವುದು, ಎಲ್ಲಾ ಈಗ ತಿಳಿಯಿತು. ಅಪ್ಪ ಮನೆ ಬಿಡುವವನಿದ್ದ! ಸಮಾಧಾನವೆಂದರೆ ಒಂದೇ, ನಾವು ಹೂಂ ಅನ್ನದೆ ಅವನು ಹೋಗುವಂತಿರಲಿಲ್ಲ.

ಮರುದಿನದಿಂದ ಕಾವಲು ಶುರು. ಅಪ್ಪ ಏಳುವ ಮೊದಲೇ ಎದ್ದು ಎದುರಿಗೆ ಕೂರುತ್ತಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಸೀಮೆಎಣ್ಣೆ ಸ್ಟೋವಿನ ವಾಸನೆ. ಅಪ್ಪನ ಕೊರಳಿನ ನರ ಮಿಡಿಯುವುದು, ಹೊಟ್ಟೆ ಏರಿ ಇಳಿಯುವುದು, ಹಣೆಯ ಮೇಲೆ ಸೊಳ್ಳೆ ಕೂತಾಗ ಹುಬ್ಬು ಸಣ್ಣಗೆ ನಡುಗುವುದು, ಒಂದನ್ನೂ ಬಿಡದೆ ನೋಡಿದೆ. ಅಂಗಳದ ಆಟ ನೆನಪಿಗೂ ಬರಲಿಲ್ಲ.

ನಮ್ಮ ಕಡೆ ಮನೆಯಿಂದ ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ. 'ಬರ್ಲ್ಯಾ?' ಎಂದು ಕೇಳುತ್ತಾರೆ. ಒಳಗಿದ್ದವರು 'ಹೂಂ, ಬಾ' ಅನ್ನಬೇಕು. ಅಪ್ಪ ದಿನವೂ ನನ್ನನ್ನು ಹಾಗೆ ಕೇಳಿಯೇ ಸಾಲೆಗೆ ಹೋಗುತ್ತಿದ್ದ. ಕೈಯಲ್ಲಿ ಬುತ್ತಿ ಡಬ್ಬಿ ಇದ್ದರೆ ಧೈರ್ಯ ಮಾಡಿ ಹೂಂ ಅನ್ನುತ್ತಿದ್ದೆ. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಧ್ಯಾನ ಮುಗಿಸಿದವನು ಬಟ್ಟೆಯ ಚೀಲ ಹಿಡಿದು ಬಾಗಿಲಿಗೆ ಬಂದ.

"ಎರಡು ದಿನ ಬೆಳಗಾವ್ಯಾಗ ಮಾಸ್ತರಗೋಳ ತರಬೇತಿ ಐತಿ. ಬರ್ಲ್ಯಾ ಸುಜಾ?"

ಕೈಯಲ್ಲಿ ಬುತ್ತಿ ಡಬ್ಬಿ ಇರಲಿಲ್ಲ.

"ಹೂಂ ಅನ್ನ ಲಗೂನ, ಬಸ್ ತಪ್ಪತೈತಿ," ಅಂದಳು ಆಯಿ.

"ನಾ ಅನ್ನಂಗಿಲ್ಲ!"

ಹಳೆಯ ಅಪ್ಪನಾಗಿದ್ದರೆ ಓಣಿ ಎದ್ದು ಕೂರುತ್ತಿತ್ತು. ಈ ಅಪ್ಪ ಚೀಲ ಇಳಿಸಿ ಹೊಸ್ತಿಲ ಮೇಲೆ ಕೂತ. "ಹೇಳು," ಅಂದ. ಕೈಗಡಿಯಾರ ನೋಡಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿ ದೂರವಾಯಿತು, ತಿರುಗಿಯೂ ನೋಡಲಿಲ್ಲ. ನಾನು ಅಳುತ್ತಾ ಎಲ್ಲಾ ಹೇಳಿದೆ. "ನೀ ಸಿದ್ಧಾರ್ಥನಂಗ ಮನಿ ಬಿಟ್ಟು ಹೋಗ್ತಿ ಅಲ್ಲಪ್ಪಾ? ನಾ ಒಪ್ಪಂಗಿಲ್ಲ."

ಒಳಗೆ ರೊಟ್ಟಿಯ ಸದ್ದು ನಿಂತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ನಿನಗೂ ಹಂಗ ಅನಿಸಿತ್ತೇನು?" ಅಪ್ಪ ಅವಳನ್ನು ಕೇಳಿದ.

"ಮತ್ತೇನ ಅನಿಸಬೇಕ್ರಿ? ಮನ್ಯಾಗ ಇದ್ದೂ ಇಲ್ಲದಂಗ ಆಗಿಬಿಟ್ಟೀರಿ," ಅಂದಳು ಅವ್ವ. ಅವಳ ಕಣ್ಣು ತುಂಬಿತ್ತು.

ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡ. "ಸಿಟ್ಟಿನ್ಯಾಗ ಇದ್ದಾಗ ನೀವ್ಯಾರೂ ನನಗ ಕಾಣತಿದ್ದಿಲ್ಲವಾ. ಅದಕ್ಕ ಇಲ್ಲೇ ಇರೂದು ಕಲಿಯಾಕತ್ತೇನಿ. ಇನ್ನಾ ಸರಿ ಬಂದಿಲ್ಲ."

ಆಯಿಗೆ ಬೇರೆಯೇ ಸಂಶಯ. "ಹಂಗಾರ ಅವತ್ತ ಪಲ್ಯಾದಾಗ ಉಪ್ಪು ಜಾಸ್ತಿ ಆದದ್ದು ಗೊತ್ತಾಗಿತ್ತೇನೋ?"

"ಗೊತ್ತಾಗದ ಏನವಾ! ನಾಲಿಗಿ ಉರಿದು ಹೋತು."

"ಹೇಳಾಕ ಏನಾಗಿತ್ತರಿ ನಿಮಗ!" ಅಂದು ಅವ್ವ ಹಿಟ್ಟಿನ ಕೈಯನ್ನೇ ಹಣೆಗೆ ಬಡಿದುಕೊಂಡಳು. ಎಲ್ಲರೂ ನಕ್ಕೆವು. ಅಪ್ಪ ಮುಂದಿನ ಬಸ್ಸಿಗೆ ಹೋದ, ಎರಡು ದಿನಕ್ಕೆ ಬಂದ. ನನ್ನ ಕಾವಲು ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ಅಪ್ಪ ತೀರಿಕೊಂಡ. ಕೊನೆಯ ಮೂರು ತಿಂಗಳು ರಾಯಾಪುರದ ನನ್ನ ಮನೆಯಲ್ಲೇ ಇದ್ದ. ಔಷಧಿ, ಊಟ, ಡಾಕ್ಟರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಾನೂ ಈಗ ಧ್ಯಾನ ಮಾಡುತ್ತೇನೆ, ಉಸಿರು ನೋಡಲು ಚೆನ್ನಾಗಿಯೇ ಬರುತ್ತದೆ. ಉಣಕಲ್ಲಿನ ಆ ಹದಿನೈದು ಬೆಳಗುಗಳನ್ನು ಇವತ್ತು ಕೇಳಿದರೂ ಒಂದೊಂದಾಗಿ ಹೇಳುತ್ತೇನೆ. ಆದರೆ ಆ ಮೂರು ತಿಂಗಳು ಅಪ್ಪ ಯಾವ ಬಣ್ಣದ ಶಾಲು ಹೊದೆಯುತ್ತಿದ್ದ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಅಪ್ಪ ಎಲ್ಲಿಗೂ ಹೋಗದಿದ್ದಾಗ ಎದುರಿಗೆ ಕೂತು ಕಣ್ಣು ಮಿಟುಕಿಸದೆ ಕಾದೆ. ನಿಜವಾಗಿ ಹೊರಟಾಗ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಧ್ಯಾನಕ್ಕೆ ಕೂತಿದ್ದೆ.