ತಾಮ್ರದ ಕಿವಿ

ಥರ್ಮಾಮೀಟರ್ ಬೀಪ್ ಬೀಪ್ ಎಂದು ಕೂಗಿ ಸುಮ್ಮನಾದ ಮೇಲೂ ನನ್ನ ಗಂಡ ಅದನ್ನು ಮಗಳ ಕಂಕುಳಲ್ಲಿ ಹಿಡಿದುಕೊಂಡೇ ಕೂತಿದ್ದರು. ನಾನು ಹಾಲಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಇನ್ನೂ ಆಗ್ಲಿಲ್ಲ ಕಣೇ. ಬ್ಯಾಟರಿ ವೀಕಾಗಿದೆಯೇನೋ" ಎಂದರು.

ತೆಗೆದು ನೋಡಿದೆ. ಜ್ವರ ಇಳಿದಿತ್ತು. ಬ್ಯಾಟರಿ ಸರಿಯಾಗಿಯೇ ಇತ್ತು.

ಅವತ್ತಿನಿಂದ ಒಂದು ಯೋಚನೆ ತಲೆ ಹೊಕ್ಕು ಕೂತಿದೆ. ನನಗೆ ಯೋಚನೆ ಹೊಸದೇನಲ್ಲ. ಮಗು ಹೆಚ್ಚು ಹೊತ್ತು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಮಲಗದಿದ್ದರೆ ಹೊಟ್ಟೆನೋವೇನೋ ಎಂದು ಡಾಕ್ಟರಿಗೆ ಫೋನ್ ಮಾಡುತ್ತೇನೆ. ಕುದಿಸಿಟ್ಟ ಬಾಟಲಿಯನ್ನು ಅನುಮಾನಕ್ಕೆ ಇನ್ನೊಮ್ಮೆ ಕುದಿಸುತ್ತೇನೆ. ಮನೆಯವರೆಲ್ಲರ ಬಾಯಲ್ಲಿ ನಾನು ಹೆದರುಪುಕ್ಕಲಿ. ಆದರೆ ಆ ಚಿಂತೆಗಳಿಗೆಲ್ಲ ಎದೆ ಡವಡವ ಅನ್ನುತ್ತಿತ್ತು. ಇದಕ್ಕೆ ಏನೂ ಆಗಲಿಲ್ಲ. ಜೋಮು ಹಿಡಿದ ಕಾಲಿನ ಮೇಲೆ ಯಾರೋ ಕಲ್ಲಿಟ್ಟ ಹಾಗೆ: ಭಾರ ಗೊತ್ತಾಗುತ್ತಿತ್ತು, ನೋವು ಗೊತ್ತಾಗುತ್ತಿರಲಿಲ್ಲ.

ನನ್ನ ಗಂಡನನ್ನು ಎಲ್ಲರೂ ಕರೆಯುವುದು ಕಿವಿಯಣ್ಣ ಎಂದು. ಹೆತ್ತವರು ಇಟ್ಟ ಹೆಸರು ಈಗ ಬ್ಯಾಂಕಿನವರ ಬಾಯಲ್ಲಿ ಮಾತ್ರ ಉಳಿದಿದೆ.

ಈ ಹೆಸರು ಅಂಟಿಕೊಂಡದ್ದು ಡೀಸೆಲ್ ಎಂಜಿನ್ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ. ಓದು ತಲೆಗೆ ಹತ್ತದೆ ಅಲ್ಲಿ ಕೆಲಸಕ್ಕೆ ಸೇರಿದಾಗ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಕೊಟ್ಟು, ತುದಿ ಎಂಜಿನ್ನಿನ ಮೇಲೆ, ಹಿಡಿ ಕಿವಿಗೆ ಎಂದರಂತೆ.

"ಏನು ಹೇಳ್ತಿದೆಯೋ?"

"ಎರಡನೇದು ಕೆಮ್ತಾ ಇದೆ ಮೇಸ್ತ್ರಿ."

ಬಿಚ್ಚಿ ನೋಡಿದರೆ ಎರಡನೆಯ ಸಿಲಿಂಡರಿನಲ್ಲೇ ತೊಂದರೆ. ಅಲ್ಲಿಂದ ಅವರು ಕಿವಿಯನ್ನೇ ನಂಬಿ ಬದುಕಿದರು. ಮದುವೆಯ ಮಾತಿಗೆಂದು ಮೊದಲ ಸಲ ನಮ್ಮ ಮನೆಗೆ ಬಂದಾಗ ನನ್ನ ಮುಖ ನೋಡುವುದು ಬಿಟ್ಟು ತಲೆಯೆತ್ತಿ ಚಾವಣಿ ನೋಡುತ್ತಾ ಕೂತಿದ್ದರು. ಅಪ್ಪನಿಗೆ ರೇಗಿತು. "ಏನಪ್ಪಾ, ನಮ್ಮ ಫ್ಯಾನು ಇಷ್ಟ ಆಯ್ತಾ?" ಎಂದು ಕೇಳಿದರು. "ಬೇರಿಂಗ್ ಹೋಗ್ತಾ ಇದೆ ಮಾವ" ಎಂದರು ಇವರು. ಮಾತುಕತೆ ಇನ್ನೂ ಶುರುವೇ ಆಗಿರಲಿಲ್ಲ, ಆಗಲೇ ಮಾವ! ಒಳಗೆ ನನ್ನ ತಮ್ಮ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. ಆ ವಾರವೇ ಫ್ಯಾನು ಕಟಕಟ ಎಂದು ನಿಂತುಹೋಯಿತು.

ಈಗ ಅವರ ಕೆಲಸ ಟರ್ಬೊ ಹಾಕಿದ ಸ್ಪೋರ್ಟ್ಸ್ ಕಾರುಗಳನ್ನು ಕಾಲು ಮೈಲಿಯ ನೇರ ಓಟಕ್ಕೆ ಹದ ಮಾಡುವುದು. ಮನೆಯ ಹಿಂದೆಯೇ ಶೆಡ್ಡು. ನೆಲದಲ್ಲಿ ಹೂತ ಉರುಳೆಗಳ ಮೇಲೆ ಕಾರಿನ ಚಕ್ರಗಳನ್ನು ನಿಲ್ಲಿಸಿ, ಸರಪಳಿಯಿಂದ ಬಿಗಿದು, ನಿಂತಲ್ಲೇ ಓಡಿಸುತ್ತಾರೆ. ಮುಂದೆ ಆಳೆತ್ತರದ ಫ್ಯಾನು, ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪು. ಎಂಜಿನ್ನಿನಿಂದ ಹೊರಬೀಳುವ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಆ ಚಕ್ರದಿಂದ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುವುದೇ ಟರ್ಬೊ. "ಹೊಟ್ಟೆ ತುಂಬಿದೋನಿಗೆ ಬಲವಂತವಾಗಿ ಬಡಿಸೋದು ಕಣೇ" ಎಂದು ನನಗೆ ವಿವರಿಸಿದ್ದರು. ಬಡಿಸಿದಷ್ಟೂ ವೇಗ. ಅತಿಯಾದರೆ ಪೆಟ್ರೋಲು ಸರದಿ ತಪ್ಪಿ ತಾನಾಗಿ ಸಿಡಿಯುತ್ತದೆ. ಅದಕ್ಕೆ ನಾಕ್ ಎನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಯಾರೋ ಗಿಲಕಿ ಆಡಿಸಿದಷ್ಟೇ ಸದ್ದು. ಅದನ್ನು ಕೇಳಿ ಗಾಳಿಯನ್ನು ಇಳಿಸದಿದ್ದರೆ ಪಿಸ್ಟನ್ ಒಡೆಯುತ್ತದೆ. ಓಟದ ನಡುವೆ ಒಡೆದರೆ ಎಣ್ಣೆ ಚಕ್ರದ ಕೆಳಗೆ ಚೆಲ್ಲಿ, ಕಾರು ಯಾವ ಕಡೆಯ ಗೋಡೆಗೆ ಹೋಗುತ್ತದೆಂದು ಹೇಳಲಾಗುವುದಿಲ್ಲ.

ಆ ಸದ್ದು ಹಿಡಿಯಲು ಕಾರಿನಲ್ಲೇ ಒಂದು ಸೆನ್ಸರ್ ಇರುತ್ತದೆ. ಓಟದ ಎಂಜಿನ್ನು ಹೇಗಿದ್ದರೂ ಗಡಗಡ ಎನ್ನುವುದರಿಂದ ಅದು ಸುಮ್ಮಸುಮ್ಮನೆ ಬೆಚ್ಚಿ ಕಾರನ್ನು ನಿಧಾನಿಸುತ್ತದೆ ಎಂದು ಇವರಿಗೆ ಸಿಟ್ಟು. "ಅದರದು ಹಿತ್ತಾಳೆ ಕಿವಿ. ಯಾರು ಏನಂದ್ರೂ ನಂಬುತ್ತೆ. ನಂದು ತಾಮ್ರದ್ದು" ಎಂದು ಅದನ್ನು ಆರಿಸಿಬಿಡುತ್ತಾರೆ. ತಾಮ್ರ ಎಂದರೆ ನಿಜಕ್ಕೂ ತಾಮ್ರವೇ. ತಾಮ್ರದ ಕೊಳವೆಯ ಒಂದು ತುದಿಯನ್ನು ಚಪ್ಪಟೆ ಬಡಿದು ಎಂಜಿನ್ನಿಗೆ ಬೋಲ್ಟು ಹಾಕಿ, ಇನ್ನೊಂದು ತುದಿಗೆ ರಬ್ಬರ್ ಪೈಪು ಸೇರಿಸಿ, ಅದನ್ನು ಕಿವಿಗೆ ಮುಚ್ಚಿಕೊಳ್ಳುವ ದಪ್ಪ ಬಟ್ಟಲುಗಳೊಳಗೆ ತೂರಿಸಿದ್ದಾರೆ. ಅದನ್ನು ಹಾಕಿಕೊಂಡು, ಕಣ್ಣು ಮುಚ್ಚಿ, ಲ್ಯಾಪ್‌ಟಾಪಿನಲ್ಲಿ ಗಾಳಿಯನ್ನು ಇಷ್ಟಿಷ್ಟೇ ಏರಿಸುತ್ತಾರೆ. ಗಿಲಕಿಯ ಸದ್ದು ಬರದಿದ್ದರೆ ಬಟ್ಟಲು ಕಳಚಿ, "ಮಲಗಿದೆ" ಎನ್ನುತ್ತಾರೆ. ಅದೊಂದು ಮಾತಿಗಾಗಿಯೇ ಜನ ದೂರದಿಂದ ಕಾರು ತರುತ್ತಾರೆ.

ಹೋದ ತಿಂಗಳು ಕೆಂಪು ಕಾರೊಂದಕ್ಕೂ "ಮಲಗಿದೆ" ಎಂದಿದ್ದರು. ಅರ್ಧ ಓಟದಲ್ಲಿ ಪಿಸ್ಟನ್ ಚೂರಾಯಿತು. ಓಡಿಸುತ್ತಿದ್ದವನು ಹೇಗೋ ಬದುಕಿಕೊಂಡ. ಪೆಟ್ರೋಲು ಕಲಬೆರಕೆ ಎಂದರು ಇವರು. ಎಲ್ಲರೂ ಹೌದೆಂದರು. ನಾನೂ ಹೌದೆಂದೆ.

ಆಮೇಲೆ ಈ ಥರ್ಮಾಮೀಟರು.

ಇವತ್ತು ಓಟ ನನ್ನ ತಮ್ಮನದು. ಬೆಳಿಗ್ಗೆಯಿಂದ ಅವನ ಬಿಳಿ ಕಾರು ಉರುಳೆಗಳ ಮೇಲಿತ್ತು. ಹನ್ನೊಂದು ಸೆಕೆಂಡಿನೊಳಗೆ ಓಡಬೇಕೆಂದು ಅವನಿಗೆ ಎರಡು ವರ್ಷದ ಹಟ. ಊಟಕ್ಕೆ ಕರೆಯಲು ಹೋದಾಗ ಇವರು ಬಟ್ಟಲು ಕಳಚುತ್ತಿದ್ದರು.

"ಮಲಗಿದೆ ಕಣೋ. ಇನ್ನೂ ಸ್ವಲ್ಪ ಬಡಿಸಬಹುದು."

"ಬಡಿಸಿ ಭಾವ, ಧಾರಾಳವಾಗಿ ಬಡಿಸಿ. ಅಕ್ಕನ ಥರ ಅಳೆದು ಅಳೆದು ಬಡಿಸ್ಬೇಡಿ" ಎಂದ ತಮ್ಮ. ಇಬ್ಬರೂ ನಕ್ಕರು. ನಾನು ಕೈ ತೊಳೆದುಕೊಂಡು ಬನ್ನಿ ಎಂದೆ.

ತಮ್ಮ ಬೇಗ ತಿಂದು ಎದ್ದುಹೋದ. ಇವರು ತಟ್ಟೆಯ ಮುಂದೆ ಕೂತು, ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು. ಮಗಳು ಮೂಲೆಯ ಚಾಪೆಯ ಮೇಲೆ ಮಗುಚಿಕೊಂಡಿದ್ದಳು. ನಾನು ಅವಳ ಗಿಲಕಿಯನ್ನು ಎತ್ತಿಕೊಂಡು ಇವರ ಬೆನ್ನ ಹಿಂದೆ ನಿಂತು ಮೆಲ್ಲಗೆ ಆಡಿಸಿದೆ. ಮಗಳು ಕತ್ತು ತಿರುಗಿಸಿದಳು. ಇವರು ತಿರುಗಿಸಲಿಲ್ಲ. ಇನ್ನೂ ಹತ್ತಿರ ಹೋಗಿ ಆಡಿಸಿದೆ. ಮಗಳು ಬಾಯಿ ತೆರೆದು ನಕ್ಕಳು. ಇವರು ಅವಳ ನಗು ಕೇಳಿ ಅವಳನ್ನು ನೋಡಿದರು.

"ಯಾಕೆ ನಗ್ತಾಳೆ ನಮ್ಮ ರಾಣಿ?"

ಗಿಲಕಿ ನನ್ನ ಕೈಯಲ್ಲೇ ಇತ್ತು. ಅಳು ಬರಬಹುದು ಅಂದುಕೊಂಡೆ. ಬರಲಿಲ್ಲ. ನೀರಿಟ್ಟ ಒಲೆ ಆರಿಸಬೇಕು ಎಂಬುದೊಂದೇ ನೆನಪಾಯಿತು. ಹೋಗಿ ಆರಿಸಿ ಬಂದೆ.

"ರೀ, ಒಂದ್ಸಲ ಕಿವಿ ತೋರಿಸ್ಕೊಂಡು ಬರೋಣ್ವಾ?"

"ಕಿವಿಯಣ್ಣನ ಕಿವಿನಾ? ಟಿಕೆಟ್ ಇಟ್ಟು ತೋರಿಸೋಣ ಬಿಡು." ನಕ್ಕರು. ಆದರೆ ಕೈ ತಾನಾಗಿ ಮೇಲೆ ಹೋಗಿ ಬಲಗಿವಿಯ ಹಾಲೆಯನ್ನು ತಿಕ್ಕಿತು.

"ಹಾಗಾದ್ರೆ ಇವತ್ತೊಂದಿನ ಆ ಸೆನ್ಸರ್ ಆನ್ ಮಾಡಿ. ತಮ್ಮ ಓಡಿಸ್ತಿರೋದು."

"ಅದನ್ನ ಆನ್ ಮಾಡಿದ್ರೆ ನಾನ್ಯಾಕೆ ಬೇಕು?" ಎಂದು ಎದ್ದರು. ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಬಾಗಿಲು ದಾಟುವಾಗ, ನನ್ನ ಕಡೆ ನೋಡದೆ, "ಹೆದರುಪುಕ್ಕಲಿ" ಎಂದರು. ದಿನಾ ಹೇಳುವ ಹಾಗೆ ಹೇಳಲಿಲ್ಲ.

ಅವರಿಗೆ ಗೊತ್ತಿದೆ ಎಂದು ಆಗ ನನಗೆ ಗೊತ್ತಾಯಿತು. ಪೂರ್ತಿ ಗೊತ್ತಿಲ್ಲದಿರಬಹುದು. ಆ ಮಾತು ಕಿವಿಯ ಹತ್ತಿರ ಬಂದಾಗಲೆಲ್ಲ ಒಳಗೆ ಬಿಟ್ಟುಕೊಳ್ಳದಷ್ಟು ಗೊತ್ತಿದೆ.

ಕಾರನ್ನು ಲಾರಿಯ ಮೇಲೇರಿಸಿಕೊಂಡು ಇಬ್ಬರೂ ಹೊರಟರು. ಓಟ ನಡೆಯುವುದು ಊರಾಚೆ, ವಿಮಾನ ಇಳಿಯುವುದು ನಿಂತುಹೋದ ಹಳೆಯ ಓಡುದಾರಿಯಲ್ಲಿ. ನಾನು ಮಗಳಿಗೆ ಹಾಲು ಕುಡಿಸಿದೆ. ಬಟ್ಟೆ ಮಡಚಿದೆ. ಬಾಟಲಿ ಕುದಿಯಲಿಟ್ಟೆ. ತಮ್ಮನಿಗೆ ಹೇಳಿದರೆ ಇವರ ಹೆಸರು ಅಲ್ಲೇ ಹೋಗುತ್ತದೆ, ಅಷ್ಟು ಜನರ ಮುಂದೆ. ಕಿವಿ ಹೋದ ಕಿವಿಯಣ್ಣ ಎಂದು ಆಡಿಕೊಳ್ಳಲು ಒಬ್ಬನು ಸಾಕು. ಹೇಳದಿದ್ದರೆ ಏನು ಹೋಗುತ್ತದೆ ಎಂಬಲ್ಲಿಗೆ ಬಂದಾಗ ತಲೆ ಮುಂದೆ ಹೋಗುತ್ತಿರಲಿಲ್ಲ, ನಿಂತ ಗಡಿಯಾರದ ಹಾಗೆ. ಬಾಟಲಿ ಕುದಿಯುತ್ತಿದ್ದ ನೀರು ಪೂರಾ ಇಂಗಿ ಪಾತ್ರೆಯ ತಳ ಸುಟ್ಟ ವಾಸನೆ ಬಂತು. ಪಾತ್ರೆ ಇಳಿಸಿ, ಅದೇ ಕೈಯಲ್ಲಿ ಫೋನ್ ತೆಗೆದುಕೊಂಡೆ.

ತುಂಬ ಹೊತ್ತಿನ ಮೇಲೆ ತಮ್ಮ ಎತ್ತಿದ. ಹಿಂದೆ ಎಂಜಿನ್ನು ಗುರುಗುಟ್ಟುತ್ತಿತ್ತು.

"ಅಕ್ಕಾ, ಬೇಗ ಹೇಳು. ಸಾಲಲ್ಲಿದೀನಿ, ನನ್ನ ಮುಂದೆ ಇನ್ನೊಂದೇ ಕಾರಿರೋದು."

"ಓಡಿಸ್ಬೇಡ."

"ಶುರುವಾಯ್ತಾ ನಿಂದು! ಏನಾಗಲ್ಲ. ಭಾವ ಈಗಷ್ಟೇ ಇನ್ನೊಂದ್ಸಲ ಕೇಳಿ, ಮಲಗಿದೆ ಅಂದ್ರು."

"ಎದ್ದಿದ್ರೂ ಅವರಿಗೆ ಕೇಳಿಸಲ್ಲ ಕಣೋ."

ಎಂಜಿನ್ನು ಮಾತ್ರ ಗುರುಗುಟ್ಟುತ್ತಲೇ ಇತ್ತು.

"ಕೆಂಪು ಕಾರು..." ಎಂದ ಆಮೇಲೆ.

"ಹ್ಞೂಂ."

ಎಂಜಿನ್ನು ನಿಂತಿತು. ಸೀಟ್ ಬೆಲ್ಟಿನ ಕೊಂಡಿ ಕಳಚಿದ ಸದ್ದು ಕೇಳಿಸಿತು.

"ಭಾವ ಈ ಕಡೆನೇ ಬರ್ತಿದ್ದಾರೆ" ಎಂದ, ದನಿ ತಗ್ಗಿಸಿ. "ಎಲ್ಲರೂ ನೋಡ್ತಿದ್ದಾರೆ. ಏನಂತ ಹೇಳ್ಲಿ ಅಕ್ಕಾ?"

"ನನ್ನ ಹೆಸರು ಹೇಳು. ಅಕ್ಕ ಫೋನ್ ಮಾಡಿ ರಂಪ ಮಾಡ್ತಿದಾಳೆ, ಸೆನ್ಸರ್ ಆನ್ ಮಾಡದೆ ಓಡಿಸಿದ್ರೆ ಮಗೂನ ಎತ್ಕೊಂಡು ಅಲ್ಲಿಗೇ ಬರ್ತಾಳಂತೆ ಅನ್ನು. ಗಟ್ಟಿಯಾಗಿ ಹೇಳು, ಎಲ್ರಿಗೂ ಕೇಳಿಸ್ಲಿ. ನಾನು ಹೆದರುಪುಕ್ಕಲಿ ಅಂತ ಅಲ್ಲಿ ಯಾರಿಗೆ ಗೊತ್ತಿಲ್ಲ?"