ಎದುರುಮನೆ ಆಯಿಯ ತೆಂಗಿನಕಾಯಿ

ಚೆಂಡು ಉರುಳಿಸಿ ಗೂಟ ಕೆಡವುವ ಆಟಕ್ಕೆ ಬೌಲಿಂಗ್ ಅನ್ನುತ್ತಾರಂತೆ. ಹುಲ್ಲಿನ ಮೇಲೆ ಆಡುವುದು ಬೇರೆ, ಹಲಗೆಯ ಮೇಲೆ ಆಡುವುದು ಬೇರೆ ಎಂದು ಮಗಳು ಹೇಳಿದಳು. ನನಗೆ ಗೊತ್ತಿರುವುದು ನನ್ನ ಗಂಡನ ಊರು ಅತನೂರಿನಲ್ಲಿ ನಮ್ಮ ಎದುರುಮನೆಯ ಮುದುಕಿ ಆಯಿ ಅಂಗಳದಲ್ಲಿ ತಂಬಿಗೆ ನಿಲ್ಲಿಸಿ ಆಡುತ್ತಿದ್ದ ಬಗೆ ಒಂದೇ. ನಾಗರಪಂಚಮಿ ಬಂತೆಂದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ತೆಂಗಿನಕಾಯಿಯನ್ನು ಹಣೆಗೆ ಒತ್ತಿಕೊಂಡು, "ಉರುಳಸೂದು ನಂದು, ಕೆಡವೂದು ಶಿವಂದು" ಅನ್ನುವರು. ಕಾಯಿ ಡೊಂಕಾಗಿ ಓಡುತ್ತದೆಂದು ಗುರಿ ಬಿಟ್ಟು ಪಕ್ಕದ ಒರಳುಕಲ್ಲಿನತ್ತ ಉರುಳಿಸುವರು.

ನನ್ನ ಮದುವೆಯಾದ ವರ್ಷ ಅಣ್ಣ ನನ್ನನ್ನು ಪಂಚಮಿಗೆ ತವರಿಗೆ ಕರೆದೊಯ್ಯಲು ಜಿಡಗಾದಿಂದ ಬಂದ. "ಹೊಲದಾಗ ಕಸ ತಗಿಯೂದು ಭಾಳ ಅದ, ಕಳಸಂಗಿಲ್ಲ" ಎಂದುಬಿಟ್ಟರು ಅತ್ತೆ. ಒಲೆಯ ಮುಂದೆ ನಾನು ಕಣ್ಣೊರೆಸಿಕೊಳ್ಳುತ್ತಿದ್ದಾಗ ಆಯಿ ಕಾಯಿ ಹಿಡಿದೇ ಬಂದರು.

"ಐದು ತಂಬಿಗಿ ನಿಂದರಸ್ ಬೇ. ಎಲ್ಲಾ ಕೆಡವಿದ್ರ ಹುಡುಗೀನ ಕಳಸ್ತಿ?"

"ನಡಾ ಮುರಕೊಂಡಿ ಆಯಿ!" ಎಂದರು ಅತ್ತೆ. "ಕೆಡವು, ಕಳಸ್ತೇನಿ."

ಅಂಗಳದಲ್ಲಿ ಐದು ತಂಬಿಗೆ ನಿಂತವು. ಆಯಿ ಉರುಳಿಸಿದ ಕಾಯಿ ಒರಳಿನತ್ತ ಹೊರಟು, ಗಕ್ಕನೆ ತಿರುಗಿ, ಠಣ್ ಠಣ್ ಎಂದು ನಾಲ್ಕನ್ನು ಕೆಡವಿತು. ಅಣ್ಣ ಕುಣಿದ. ಕರು ಬೆದರಿ ಹಗ್ಗ ಜಗ್ಗಿತು. ಐದನೆಯ ತಂಬಿಗೆ ಓಲಾಡಿತು, ಓಲಾಡಿತು, ನಿಂತೇಬಿಟ್ಟಿತು.

ಆಯಿ ತಂಬಿಗೆಗೇ ಕೈಮುಗಿದರು. "ಬೀಳೋ ನಮ್ಮಪ್ಪಾ, ಹುಡುಗಿ ಅಳಾಕತ್ತಾಳ!"

ಅತ್ತೆಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು ನಗುತ್ತ ಬಂದವರೇ ಕಾಲ್ಬೆರಳಿನಿಂದ ಅದನ್ನು ಮೆಲ್ಲಗೆ ನೂಕಿದರು.

ಠಣ್!

"ನೋಡ್ ಬೇ, ಶಿವ ಯಾರ ಕಾಲಾಗ ಬಂದ!" ಎಂದು ಆಯಿ ಚಪ್ಪಾಳೆ ತಟ್ಟಿದರು.

ನಾನು ಮೊದಲು ಆ ಕಾಲಿಗೆ ಬಿದ್ದೆ, ಆಮೇಲೆ ಬಟ್ಟೆಗಂಟು ಕಟ್ಟಿದೆ.