ಸುಣ್ಣ ಹೊಡೆದ ಗೋಡೆ, ಸುಮ್ಮನಿರದ ತಕರಾರಮ್ಮ

ನಗರದ ಸಹಕಾರಿ ವಸತಿ ಅನ್ನೋ ಕ್ಷೇತ್ರದಲ್ಲಿ ಹೆಸರು ಮಾಡಿದೋರು ಬೇಕಾದಷ್ಟು ಜನ ಇದ್ದಾರೆ. ಅಡಿಗಲ್ಲು ಹಾಕಿದೋರು, ರಿಬ್ಬನ್ ಕತ್ತರಿಸಿದೋರು, ಲಾಟರಿ ಡ್ರಮ್ ತಿರುಗಿಸಿ ಚೀಟಿ ಎತ್ತಿದೋರು, ಚೀಟಿ ಎತ್ತಿದ ಮೇಲೆ ಕೈ ಎತ್ತಿದೋರು. ಇವರೆಲ್ಲರ ಫೋಟೋ ಪ್ರಧಾನ ಕಚೇರಿಯ ಮೆಟ್ಟಿಲ ಮೇಲಿದೆ. ಈ ಅಭಿನಂದನಾ ಪುಸ್ತಕ ಯಾರ ಗೌರವಕ್ಕೆ ಬರ್ತಿದೆಯೋ ಅವರ ಫೋಟೋ ಅಲ್ಲಿಲ್ಲ. ಅವರು ಅಡಿಗಲ್ಲು ಹಾಕಿದೋರಲ್ಲ, ಅಡ್ಡಗಾಲು ಹಾಕಿದೋರು. ಅನ್ಯಾಯದ ನಿರ್ಧಾರ ಕಣ್ಣಿಗೆ ಬಿದ್ದಾಗಲೆಲ್ಲ, ಅದು ಎಷ್ಟೇ ಎತ್ತರದ ಕುರ್ಚಿಯಿಂದ ಇಳಿದು ಬಂದಿದ್ರೂ, ಎರಡೂ ಕಾಲು ಅಡ್ಡ ಹಾಕಿ ನಿಂತೋರು.

ಕಚೇರಿಯೋರು ಅವರಿಗೆ 'ತಕರಾರಮ್ಮ' ಅಂತ ಹೆಸರಿಟ್ಟಿದ್ರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಮುಖದ ಮುಂದೆ. ಈ ಪುಸ್ತಕದಲ್ಲಿ ಬೇರೆ ಯಾರಾದ್ರೂ ಅವರ ಶಾಂತ ಸ್ವಭಾವ, ಅಪಾರ ತಾಳ್ಮೆ ಅಂತ ಬರೆದಿದ್ರೆ ದಯವಿಟ್ಟು ನಂಬಬೇಡಿ. ತಾಳ್ಮೆ ಅವರಿಗೆ ಹುಟ್ಟಿನಿಂದಲೇ ಇರ್ಲಿಲ್ಲ. ತಾಳ್ಮೆ ಇದ್ದೋರೆಲ್ಲ ಕಚೇರಿ ಕಿಟಕಿಯ ಆಚೆ ಬದಿ ಕಾಯ್ತಾ ನಿಂತಿದ್ರು.

ಏನಕ್ಕೆ ಕಾಯ್ತಿದ್ರು ಅಂದ್ರೆ, ಅಗ್ಗದ ಮನೆಗೆ. ಅಗ್ಗದ ಮನೆಯ ಕಗ್ಗ ಗೊತ್ತಿಲ್ಲದೋರಿಗೆ ಒಂದು ಮಾತು ಹೇಳಬೇಕು. ಮೊದಲು ಲಾಟರಿ. ಲಾಟರಿ ಗೆದ್ರೆ ಮನೆ ಸಿಗತ್ತೆ ಅಂದ್ಕೊಂಡ್ರೆ ನೀವಿನ್ನೂ ಮುಗ್ಧರು. ಲಾಟರಿ ಗೆದ್ದೋರಿಗೆ ಸಿಗೋದು ಕಾಯೋರ ಪಟ್ಟಿಗೆ ಸೇರೋ ಭಾಗ್ಯ. ಆ ಪಟ್ಟಿಗೆ ಕಾಯಿಯಾಗಿ ಸೇರಿದೋರು ಹಣ್ಣಾಗಿ ಹೊರಗೆ ಬರ್ತಾರೆ. ಅಂತೂ ಸರದಿ ಬಂತು ಅನ್ನೋ ಹೊತ್ತಿಗೆ ಒಬ್ಬ ಅಧಿಕಾರಿ ಈಗಿರೋ ಮನೆ ನೋಡೋಕೆ ಬಂದು 'ಅಗತ್ಯದ ಅಂಕ' ಕೊಡ್ತಾರೆ. ಈಗಿನ ಮನೆ ಎಷ್ಟು ಕೆಟ್ಟದಾಗಿದ್ಯೋ ಅಷ್ಟು ಹೆಚ್ಚು ಅಂಕ. ಅಂಕ ಸಾಲದೇ ಹೋದ್ರೆ ಮತ್ತೆ ಪಟ್ಟಿಯ ಬುಡಕ್ಕೆ. ಇದಕ್ಕೆ ಹಂಚಿಕೆ ಅಂತಾರೆ. ಹೊಂಚಿಕೆ ಅಂದಿದ್ರೆ ಸುಳ್ಳು ಹೇಳಿದ ಪಾಪನಾದ್ರೂ ತಪ್ತಿತ್ತು.

ತಕರಾರಮ್ಮ ಈ ವಸತಿ ಸಂಸ್ಥೆಗೆ ಸೇರಿದ್ದು ಲಾಟರಿ ವಿಭಾಗಕ್ಕೆ. ವರ್ಷದ ದೊಡ್ಡ ಸಮಾರಂಭದಲ್ಲಿ ಡ್ರಮ್ ಪಕ್ಕ ನಿಲ್ಲೋ ಕೆಲಸ ಸಿಕ್ಕಿತ್ತು. ಮುಖ್ಯ ಅತಿಥಿಗಳು ಡ್ರಮ್ಮಿಗೆ ಕೈ ಹಾಕೋ ಮುಂಚೆ ಅವರು ಪಕ್ಕದ ಸಹೋದ್ಯೋಗಿಯನ್ನ ಮೆಲ್ಲಗೆ ಕೇಳಿದ್ರು, "ಅಲ್ರೀ, ಇಷ್ಟೊಂದು ಚೀಟಿ ಇದೆ, ಮನೆ ಎಷ್ಟಿದೆ?" ಮೆಲ್ಲಗೆ ಕೇಳಿದ್ದೇನೋ ನಿಜ, ಆದ್ರೆ ಎದುರಿಗಿದ್ದ ಮೈಕು ಮೆಲ್ಲಗಿರ್ಲಿಲ್ಲ. ಇಡೀ ಸಭಾಂಗಣಕ್ಕೆ ಕೇಳಿಸ್ತು. ಹಿಂದಿನ ಸಾಲಿನಿಂದ ಯಾರೋ "ಅದನ್ನೇ ನಾವೂ ಕೇಳ್ತಿರೋದು ತಾಯಿ!" ಅಂತ ಕೂಗಿದ್ರು. ಮರುವಾರವೇ ತಕರಾರಮ್ಮನ್ನ ಮೆಟ್ಟಿಲ ಕೆಳಗಿನ ತಕರಾರು ವಿಭಾಗಕ್ಕೆ ಎತ್ತಿ ಹಾಕಿದ್ರು. ಮೀನಿಗೆ ಶಿಕ್ಷೆ ಅಂತ ನೀರಿಗೆ ಬಿಟ್ಟ ಹಾಗಾಯ್ತು.

ಆ ವಿಭಾಗದ ಕಿಟಕಿಯ ಕಿಂಡಿ ಜನರ ಹೊಟ್ಟೆ ಮಟ್ಟಕ್ಕಿತ್ತು. ಮಾತಾಡಬೇಕಂದ್ರೆ ಎಂಥೋರೂ ನಡು ಬಗ್ಗಿಸಬೇಕು. ತಕರಾರಮ್ಮ ಮೊದಲನೇ ದಿನವೇ ತಮ್ಮ ಕುರ್ಚಿ ಎತ್ಕೊಂಡು ಹೊರಗೆ ಬಂದು, ಕಾಯ್ತಿದ್ದ ಮುದುಕರೊಬ್ಬರನ್ನ ಅದರ ಮೇಲೆ ಕೂರಿಸಿ, ತಾವು ಮೆಟ್ಟಿಲ ಮೇಲೆ ಕೂತು ಅವರ ಅಹವಾಲು ಕೇಳಿದ್ರು. ಮೇಲಿನೋರು ಗದರಿದಾಗ "ಬಗ್ಗಿ ಕೇಳಿದ್ರೆ ಭಿಕ್ಷೆ ಆಗತ್ತೆ ಸಾರ್, ನನ್ನದು ತಕರಾರು ವಿಭಾಗ" ಅಂದ್ರು. ಬೇಕರಿ ಕೆಲಸದೋನೊಬ್ಬನಿಗೆ ಮಗು ಹುಟ್ಟಿದಾಗ, 'ಕುಟುಂಬ ದೊಡ್ಡದಾಗಿದೆ' ಅಂತ ಹೇಳಿ ಅವನನ್ನ ದೊಡ್ಡ ಮನೆಗಳ ಪಟ್ಟಿಯ ತಳಕ್ಕೆ ತಳ್ಳಿದ್ರು. ತಕರಾರಮ್ಮ ಹಂಚಿಕೆ ಸಮಿತಿಗೆ ಒಂದೇ ಸಾಲು ಬರೆದು ಕಳಿಸಿದ್ರು: ಹುಟ್ಟೋ ಮುಂಚೆ ಆ ಮಗು ಎಲ್ಲಿ ನಿಂತು ಕಾಯಬೇಕಿತ್ತು ಅಂತ ದಯವಿಟ್ಟು ತಿಳಿಸಿ. ಉತ್ತರ ಬರ್ಲಿಲ್ಲ. ಆದ್ರೆ ಬೇಕರಿಯೋನ ಜಾಗ ವಾಪಸ್ ಬಂತು.

ಇಂಥವು ಎಷ್ಟೋ. ಆದ್ರೆ ಇಸ್ತ್ರಿ ಅಕ್ಕನ ಗೋಡೆಯ ಪ್ರಕರಣದ ಮುಂದೆ ಅವೆಲ್ಲ ಊಟದ ಪಕ್ಕದ ಉಪ್ಪಿನಕಾಯಿ.

ಇಸ್ತ್ರಿ ಅಕ್ಕ ಗಂಡನನ್ನ ಕಳ್ಕೊಂಡೋರು. ಮಾವನ ಜೊತೆ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ಒಂದೇ ಕೋಣೆಯಲ್ಲಿದ್ರು. ಅರ್ಧ ಕಿಟಕಿ ರಸ್ತೆಯ ಮಟ್ಟಕ್ಕೆ, ಅದರಾಚೆ ದಿನವಿಡೀ ಓಡಾಡೋ ಚಪ್ಪಲಿಗಳು. ಮೇಲಿನ ಮನೆಗಳ ನೀರೆಲ್ಲ ಇಳಿಯೋ ಪೈಪು ಅವರ ಗೋಡೆಯೊಳಗೇ ಹೋಗಿತ್ತು. ಗೋಡೆ ವರ್ಷವಿಡೀ ಬೆವರ್ತಿತ್ತು. ಇಸ್ತ್ರಿ ಮಾಡಿದ ಬಟ್ಟೆ ಗೋಡೆಗೆ ತಾಗಿದ್ರೆ ಮತ್ತೆ ಇಸ್ತ್ರಿ ಮಾಡಬೇಕು. ಮಾವನ ಎದೆ ಹಾರ್ಮೋನಿಯಂ ಥರ ಕುಯ್ ಅನ್ನೋದು. "ಈ ತೇವದಲ್ಲಿ ಇನ್ನೊಂದು ಚಳಿಗಾಲ ಕಳೀಬೇಡಿ" ಅಂತ ಡಾಕ್ಟರು ಹೇಳಿ ಆಗಿತ್ತು. ಅಷ್ಟರಲ್ಲಿ ಸರದಿ ಬಂತು. ನಾಲ್ಕನೇ ಮಹಡಿ, ಬಿಸಿಲು ಬೀಳೋ ಮನೆ. ಅಧಿಕಾರಿ ಬಂದು ನೋಡಿ ಅಂಕ ಕೊಟ್ರೆ ಮುಗೀತು.

ಮಾವ ಒಂದು ಕಾಲದಲ್ಲಿ ಬಣ್ಣ ಬಳಿಯೋ ಕೆಲಸದೋರು. ಮನೆಗೆ ಅಧಿಕಾರಿ ಬರ್ತಾರೆ ಅಂತ ಗೊತ್ತಾಗಿದ್ದೇ ತಡ, ಸೊಸೆ ಬಟ್ಟೆ ಕೊಡೋಕೆ ಹೋದಾಗ ಸುಣ್ಣ ಕಲೆಸಿ, ಸ್ಟೂಲ್ ಹತ್ತಿ, ಕೆಮ್ಮುತ್ತಾ ಕೆಮ್ಮುತ್ತಾ ಗೋಡೆಗೆಲ್ಲ ಸುಣ್ಣ ಹೊಡೆದ್ರು. ಸೊಸೆ ಬಂದು ನೋಡಿ, "ಅಯ್ಯೋ ಮಾವ, ಈ ಎದೆ ಇಟ್ಕೊಂಡು ಯಾಕೆ ಬೇಕಿತ್ತು?" ಅಂದ್ರೆ, "ಬರೋರ ಮುಂದೆ ಮರ್ಯಾದೆ ಬೇಡ್ವೇನಮ್ಮ? ಪೇಂಟರ್ ಮನೆ ಗೋಡೆ ಇದು" ಅಂದ್ರು.

ಅಧಿಕಾರಿ ಬಂದ. ಬೆಳ್ಳಗಿನ ಗೋಡೆ ನೋಡಿದ, ಮುಟ್ಲಿಲ್ಲ. ಗುಡಿಸಿದ ನೆಲ, ಮಡಿಸಿದ ಹಾಸಿಗೆ ನೋಡಿದ. ಕೊಟ್ಟ ಟೀ ಕುಡಿದು "ಚೆನ್ನಾಗಿಟ್ಕೊಂಡಿದ್ದೀರಿ" ಅಂತ ಹೊಗಳಿದ. ಹೋಗಿ ಬರೆದ: ಗೋಡೆ ಒಣಗಿದೆ, ಕೋಣೆ ಸುಸ್ಥಿತಿಯಲ್ಲಿದೆ, ತುರ್ತು ಅಗತ್ಯ ಕಾಣುವುದಿಲ್ಲ. ಗಲೀಜಾಗಿದ್ದೋರ ಕಣ್ಣಿಗೆ ಬೆಣ್ಣೆ, ಸುಣ್ಣ ಹೊಡೆದೋರ ಕಣ್ಣಿಗೇ ಸುಣ್ಣ.

ಇಸ್ತ್ರಿ ಅಕ್ಕ ತಕರಾರು ವಿಭಾಗಕ್ಕೆ ಬಂದಾಗ ಅಳ್ತಿರ್ಲಿಲ್ಲ. ಅವರಿಗೆ ಅರ್ಥವೇ ಆಗಿರ್ಲಿಲ್ಲ. "ಅಕ್ಕ, ನಾವು ಮನೆ ಗುಡಿಸಿದ್ದು ತಪ್ಪಾಯ್ತಾ?" ಅಂತ ಕೇಳಿದ್ರು. ಆ ಪ್ರಶ್ನೆ ಕೇಳಿ ತಕರಾರಮ್ಮನ ಕಿವಿ ಕೆಂಪಾಯ್ತು. ಕಿವಿ ಕೆಂಪಾದ್ರೆ ಕಚೇರಿಯಲ್ಲಿ ಯಾರಿಗೋ ಗ್ರಹಚಾರ ಅಂತ ಎಲ್ಲರಿಗೂ ಗೊತ್ತಿತ್ತು.

ಅವರು ನೇರ ಹಂಚಿಕೆ ಸಮಿತಿ ಅಧ್ಯಕ್ಷರ ಕೋಣೆಗೆ ಹೋದ್ರು.

"ಇನ್ನೊಂದು ಸಲ ಆ ಗೋಡೆ ನೋಡಿಸಿ ಸಾರ್."

"ವರದಿ ಬಂದಾಯ್ತಲ್ಲ ಮೇಡಂ. ಅವರೇ ಸುಣ್ಣ ಹೊಡ್ಕೊಂಡ್ರೆ ನಾವೇನು ಮಾಡೋಕಾಗತ್ತೆ?"

"ನಿಮ್ಮ ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ನೀವು ಕಸ ತಂದು ಹರಡ್ತೀರಾ ಸಾರ್?"

"ನೋಡಿ, ನನ್ನ ಮನೆ ವಿಷಯ ಬೇಡ. ತಕರಾರಿದ್ರೆ ಸಮಿತಿ ವಿಚಾರಣೆ ಮಾಡತ್ತೆ. ಪದ್ಧತಿ ಪ್ರಕಾರ ಹೋಗಿ."

ಸರಿ, ಪದ್ಧತಿ ಪ್ರಕಾರವೇ ಹೋದ್ರು. ಸಮಿತಿ ತನಗೆ ಅನುಕೂಲವಾದ ಸ್ಥಳದಲ್ಲಿ ವಿಚಾರಣೆ ನಡೆಸಬಹುದು ಅಂತ ಪದ್ಧತಿ ಹೇಳ್ತಿತ್ತು. ಸಭಾಂಗಣವನ್ನ ಲಾಟರಿ ಸಮಾರಂಭಕ್ಕೆ ಅಂತ ಅಲಂಕಾರ ಮಾಡೋರು ಹಿಡ್ಕೊಂಡಿದ್ರು. ತಕರಾರಮ್ಮ ಸೂಚನಾಪತ್ರದಲ್ಲಿ ಸ್ಥಳ ಅನ್ನೋ ಕಡೆ ಇಸ್ತ್ರಿ ಅಕ್ಕನ ವಿಳಾಸ ಬರೆದು ಅಧ್ಯಕ್ಷರ ಮುಂದೆ ಇಟ್ರು.

"ಓದಿ ಹೇಳ್ಲಾ ಸಾರ್?"

"ಬೇಡ ಬೇಡ. ಎಲ್ಲಿ ಸಹಿ ಹಾಕಬೇಕು ಹೇಳಿ."

ಸಾಹೇಬರು ಸೇವೆಗೆ ಸೇರಿದಾಗಿನಿಂದ ಹಾಗೇ ಕೆಲಸ ಮಾಡಿದೋರು. ಆ ಅಭ್ಯಾಸದಿಂದ ಎಷ್ಟೋ ಜನರ ಮನೆ ಹೋಗಿತ್ತು, ಅವತ್ತು ಒಬ್ಬರಿಗೆ ಉಪಕಾರ ಆಯ್ತು. ವಿಚಾರಣೆ ದಿನ ಕಾರು ನೆಲಮಾಳಿಗೆ ಮುಂದೆ ನಿಂತಾಗ "ಇದೇನ್ರೀ ಇದು?" ಅಂದ್ರು. "ನಿಮಗೆ ಅನುಕೂಲವಾದ ಸ್ಥಳ ಸಾರ್, ನೀವೇ ಸಹಿ ಹಾಕಿದ್ದೀರಿ" ಅಂದ್ರು ತಕರಾರಮ್ಮ. ಪಕ್ಕದಲ್ಲಿ ಇನ್ನಿಬ್ಬರು ಸದಸ್ಯರು, ಬೀದಿ ತುಂಬಾ ನೋಡೋ ಜನ. ವಾಪಸ್ ಹೋದ್ರೆ ನಗೆಪಾಟಲು.

ಒಳಗೆ ಇಸ್ತ್ರಿ ಮೇಜು, ಮಂಚ, ಬಟ್ಟೆ ಗಂಟು. ಉಳಿದ ಜಾಗದಲ್ಲಿ ಮೂರು ಕುರ್ಚಿ ಹಾಕಿದ್ರೆ ಅವುಗಳ ಬೆನ್ನು ಗೋಡೆಗೆ. ಸದಸ್ಯರು ಕಪ್ಪು ಕೋಟು ಹಾಕ್ಕೊಂಡು ಒರಗಿ ಕೂತ್ರು. ವರದಿ ಓದಿದ್ದಾಯ್ತು. ಮಾವನನ್ನ ವಿಚಾರಿಸೋಕೆ ಹೊರಟ್ರೆ ಕೆಮ್ಮು ಬಿಟ್ಟು ಬೇರೆ ಉತ್ತರ ಬರ್ಲಿಲ್ಲ. ಅಷ್ಟರಲ್ಲಿ ಮೇಲೆ ಯಾರೋ ಸ್ನಾನಕ್ಕೆ ನೀರು ಬಿಟ್ರು, ಗೋಡೆಯೊಳಗೆ ಗುಳುಗುಳು ಅಂತು. ಅಧ್ಯಕ್ಷರು ಮೈ ಕೊಡವಿ ಎದ್ದು ಬೆನ್ನು ಮುಟ್ಟಿ ನೋಡ್ಕೊಂಡ್ರು. ಕೈ ತುಂಬಾ ಒದ್ದೆ ಸುಣ್ಣ.

"ಏನ್ರೀ ಇದು, ಗೋಡೆ ಪೂರ್ತಿ ನೆಂದಿದೆ!"

"ಇಲ್ಲ ಸಾರ್, ಒಣಗಿದೆ. ಈಗ ತಾನೆ ನೀವೇ ಓದಿದ್ರಲ್ಲ" ಅಂದ್ರು ತಕರಾರಮ್ಮ.

ಇನ್ನಿಬ್ಬರೂ ಎದ್ರು. ಮೂರೂ ಬೆನ್ನು ಬೆಳ್ಳಗೆ. ಕಿಟಕಿಯ ಚಪ್ಪಲಿಗಳ ನಡುವೆ ಬಗ್ಗಿ ನೋಡ್ತಿದ್ದ ಮುಖಗಳು ಕಿಸಕ್ಕನೆ ನಕ್ಕವು.

ಅಧ್ಯಕ್ಷರು ಪೆನ್ನು ತೆಗೆದ್ರು. "ಆಯ್ತಮ್ಮ, ಮಾನವೀಯ ದೃಷ್ಟಿಯಿಂದ, ಕರುಣೆ ತೋರಿಸಿ ಮಂಜೂರು ಮಾಡ್ತೀನಿ."

ಇಸ್ತ್ರಿ ಅಕ್ಕ ಕೈ ಜೋಡಿಸಿದ್ರು. ಆದ್ರೆ ತಕರಾರಮ್ಮ "ಬೇಡ ಸಾರ್" ಅಂದುಬಿಟ್ರು. ಕರುಣೆ ತೋರಿಸಿ ಕೊಟ್ಟ ಮನೆಯನ್ನ ಮುಂದಿನ ಅಧ್ಯಕ್ಷರು ಕರುಣೆ ಇಲ್ಲದೆ ಕಿತ್ಕೊಂಡಿದ್ದನ್ನ ಅವರು ಕಂಡಿದ್ರು. "ವರದಿ ತಪ್ಪು ಅಂತ ಬರೀರಿ. ಅವರಿಗೆ ಬರಬೇಕಾದ್ದು ಅಂತ ಬರೀರಿ."

ಇಸ್ತ್ರಿ ಅಕ್ಕ ತಕರಾರಮ್ಮನ ಸೆರಗು ಜಗ್ಗಿ, "ಅಕ್ಕ, ಕರುಣೆಯೋ ಗಿರುಣೆಯೋ, ಮನೆ ಸಿಕ್ಕಿದ್ರೆ ಸಾಕು, ನಿಮ್ಮ ದಮ್ಮಯ್ಯ" ಅಂತ ಪಿಸುಗುಟ್ಟಿದ್ರು. ತಕರಾರಮ್ಮ ಮೊದಲ ಸಲ ತಡವರಿಸಿದ್ರು. ಮನೆ ಕಳ್ಕೊಳ್ಳೋಳು ತಾನಲ್ಲ, ಇವಳು. ಹಟ ಮಾಡೋ ಹಕ್ಕು ತನಗೆಲ್ಲಿದೆ? "ಸರಿ, ನೀನು ಹೇಳಿದ ಹಾಗೇ ಆಗ್ಲಿ" ಅಂತ ಬಾಯಿ ತೆರೆಯೋದ್ರಲ್ಲಿದ್ರು. ಅಷ್ಟರಲ್ಲಿ ಮಂಚದಿಂದ ಮಾವನ ದನಿ ಬಂತು.

"ಸಾಹೇಬ್ರೆ, ತಪ್ಪು ಮಾಡಿದೋರಿಗೆ ತಾನೆ ಕರುಣೆ? ನಾನು ನನ್ನ ಗೋಡೆಗೆ ಸುಣ್ಣ ಹೊಡೆದೆ. ಅದು ಯಾವ ತಪ್ಪು, ಹೇಳಿ ಹೋಗಿ."

ಗೋಡೆಯೊಳಗೆ ಪೈಪು ಮತ್ತೆ ಗುಳುಗುಳು ಅಂತು. ಬೆನ್ನ ಮೇಲಿನ ತಣ್ಣಗಿನ ಸುಣ್ಣ ಷರಟಿಗೂ ಇಳಿಯೋಕೆ ಶುರುವಾಗಿತ್ತೋ ಏನೋ, ಅಧ್ಯಕ್ಷರು 'ವರದಿ ತಪ್ಪು, ಅರ್ಜಿದಾರರು ಅರ್ಹರು' ಅಂತ ಗೀಚಿ, ಅವತ್ತೊಂದು ದಿನ ಬರೆದದ್ದನ್ನ ಎರಡು ಸಲ ಓದಿ ಸಹಿ ಹಾಕಿದ್ರು.

ಚಳಿ ಶುರುವಾಗೋ ಮುಂಚೆ ಮಾವ ಸೊಸೆ ನಾಲ್ಕನೇ ಮಹಡಿ ಸೇರಿದ್ರು. ಇತ್ತ ಕಚೇರಿ ಸುಮ್ಮನಿರತ್ತಾ? 'ಅನುಕೂಲವಾದ ಸ್ಥಳ' ಅಂದ್ರೆ ಪ್ರಧಾನ ಕಚೇರಿಯ ಸಭಾಂಗಣ ಮಾತ್ರ ಅಂತ ಮುಂದಿನ ತಿಂಗಳೇ ತಿದ್ದುಪಡಿ ಬಂತು. ತಕರಾರಮ್ಮನಿಗೆ ಬರಬೇಕಿದ್ದ ಬಡ್ತಿ ಬರ್ಲಿಲ್ಲ. ಅದಕ್ಕೆ ಅವರು ತಲೆ ಕೆಡಿಸ್ಕೊಳ್ಳಲಿಲ್ಲ. ಅವರ ನಿದ್ದೆ ಕೆಡಿಸಿದ್ದು ಬೇರೆ: ಅಗತ್ಯದ ಅಂಕದ ನಿಯಮ ಒಂದಕ್ಷರವೂ ಬದಲಾಗ್ಲಿಲ್ಲ. ಇವತ್ತಿಗೂ ಅಧಿಕಾರಿ ಬರ್ತಾರೆ ಅಂತ ಗೊತ್ತಾದ ಮನೆಗಳಲ್ಲಿ ಪಾತ್ರೆ ಬೆಳಗ್ತಾರೆ, ಪರದೆ ಒಗೀತಾರೆ, ಮಕ್ಕಳ ತಲೆ ಬಾಚ್ತಾರೆ. ಒಂದೊಂದಕ್ಕೂ ಅಂಕ ಕಡಿತ. ಮನೆ ಕೇಳೋಕೆ ಬಂದೋರು ಮನುಷ್ಯರ ಹಾಗೆ ಬದುಕಿದ್ದಕ್ಕೆ ದಂಡ ಹಾಕೋ ಸಂಸ್ಥೆ ತನ್ನ ಹೆಸರಲ್ಲಿ ಸಹಕಾರ ಅಂತ ಬರ್ಕೊಂಡಿದೆ. ನಾಚಿಕೆಗೂ ಒಂದು ಲಾಟರಿ ಇಟ್ಟು ನೋಡಬೇಕು, ಇವರ ಹೆಸರಿಗೆ ಯಾವತ್ತಾದ್ರೂ ಬರತ್ತೋ ಇಲ್ವೋ.

ತಕರಾರಮ್ಮನ ನಿವೃತ್ತಿಯ ಬೀಳ್ಕೊಡುಗೆ ದಿನ ಹೊಸ ಅಧಿಕಾರಿಯೊಬ್ಬ ಒಳ್ಳೆ ಮನಸ್ಸಿನಿಂದಲೇ ಹೇಳಿದ, "ಮೇಡಂ, ಜನಕ್ಕೆ ಗುಡಿಸಬೇಡಿ ಅಂತ ಮೊದಲೇ ಹೇಳಿಬಿಟ್ರೆ ಆಯ್ತಲ್ವಾ?"

ತಕರಾರಮ್ಮನ ಕಿವಿ ಕೆಂಪಾಯ್ತು. "ಮನೆ ಬೇಕಂದ್ರೆ ಮೊದಲು ಮಾನ ಬಿಡಿ ಅಂತ ನಾನು ಹೇಳ್ಬೇಕಾ? ಗುಡಿಸಬೇಕಾದ್ದು ಅವರ ಮನೆ ಅಲ್ಲಪ್ಪ, ನಿಮ್ಮ ನಿಯಮ."

ಕೆಲಸದಲ್ಲಿರೋರು ಸಂಸ್ಥೆಯ ನಿಯಮದ ಮೇಲೆ ತಕರಾರು ಹೂಡೋ ಹಾಗಿಲ್ಲ. ನಿವೃತ್ತರಿಗೆ ಆ ಅಡ್ಡಿ ಇಲ್ಲ. ನಿವೃತ್ತರಾದ ಮರುದಿನ ಬೆಳಗ್ಗೆ ಕಚೇರಿ ಬಾಗಿಲು ತೆಗೆಯೋ ಹೊತ್ತಿಗೆ ಮೊದಲನೇ ಟೋಕನ್ ತಗೊಂಡು ನಿಂತಿದ್ದು ಅವರೇ, ಎರಡನೇದು ಇಸ್ತ್ರಿ ಅಕ್ಕ. ಅಗತ್ಯದ ಅಂಕವನ್ನೇ ರದ್ದು ಮಾಡಿ ಅನ್ನೋ ತಕರಾರು ಈಗ ಸಮಿತಿ ಮುಂದಿದೆ. ಸಮಿತಿ ಯೋಚನೆ ಮಾಡ್ತಿದೆಯಂತೆ, ಕಾಯಬೇಕಂತೆ.

ಆದ್ದರಿಂದ ನಮ್ಮ ತಕರಾರಮ್ಮನಿಗೆ ಆಯುಸ್ಸು ಗಟ್ಟಿಯಾಗಿರ್ಲಿ, ದನಿ ಇನ್ನೂ ಗಟ್ಟಿಯಾಗಿರ್ಲಿ, ವಿಶ್ರಾಂತಿ ಅನ್ನೋದು ಅವರ ಹತ್ತಿರ ಸುಳಿಯದೇ ಇರ್ಲಿ. ಅವರು ನೂರು ವರ್ಷ ಬಾಳ್ಲಿ. ಆ ನಿಯಮ ಈ ವರ್ಷವೇ ಸಾಯ್ಲಿ.